ಭಾನುವಾರದ ಬೆಟ್ಟ: ಕೂಡ್ಲಿಗಿ ಸೀಮೆಯಲ್ಲಿ ಒಂದು ದಿನದ ಚಾರಣ

ಚಾರಣ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನಿಮ್ಮ ಕಣ್ಣ ಮುಂದೆ ಬರುವ ಚಿತ್ರ ಯಾವುದು? ಕುದುರೆಮುಖದ ಹಸಿರು ಹುಲ್ಲುಗಾವಲು, ಕುಮಾರಪರ್ವತದ ಮಂಜು, ಮುಳ್ಳಯ್ಯನಗಿರಿಯ ತಣ್ಣನೆಯ ಗಾಳಿ, ಕಾಲಿಗೆ ಹತ್ತುವ ಜಿಗಣೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದು ಯಾರೂ ಹೇಳುವುದಿಲ್ಲ. ಈ ಊರುಗಳ ಹೆಸರೆತ್ತಿದರೆ ಬಿಸಿಲು, ಶೇಂಗಾ, ಮೆಕ್ಕೆಜೋಳ, ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವ ಜನ, ಇಷ್ಟೇ ನೆನಪಾಗುತ್ತದೆ. ಅದು ಸುಳ್ಳಲ್ಲ, ಆದರೆ ಅಲ್ಲಿಗೆ ನಿಂತರೆ ಅರ್ಧ ಮಾತು. ಉಳಿದರ್ಧ ಮಾತನ್ನು ಹೇಳಲು ಈ ಭಾಷಣವನ್ನು ಬಳಸಿಕೊಳ್ಳುತ್ತೇನೆ.

ನಾನು ಟಿ.ವಿ. ಕಾರ್ಯಕ್ರಮಗಳ ನಿರ್ಮಾಪಕ. ಓದಿದ್ದು ವಿಜ್ಞಾನ, ಹೊಟ್ಟೆಪಾಡಿಗೆ ಹಿಡಿದದ್ದು ಕ್ಯಾಮೆರಾ. ಈ ಐದೂ ತಾಲ್ಲೂಕುಗಳನ್ನು ಚಿತ್ರೀಕರಣಕ್ಕಾಗಿ ಹಲವು ಬಾರಿ ಸುತ್ತಿದ್ದೇನೆ. ಆದರೆ ಚಿತ್ರೀಕರಣಕ್ಕೆ ಹೋದವನಿಗೆ ಊರು ಕಾಣುವುದಿಲ್ಲ, ಬೆಳಕು ಮಾತ್ರ ಕಾಣುತ್ತದೆ. ಹತ್ತು ಗಂಟೆಯೊಳಗೆ ಒಳ್ಳೆಯ ಬೆಳಕು ಮುಗಿಯಿತು, ಸಾಮಾನು ಜೀಪಿಗೆ ಹಾಕು ಎಂಬುದೇ ಚಿಂತೆ. ಈ ಸೀಮೆಯನ್ನು ನಾನು ಕಂಡದ್ದು ಆಮೇಲೆ, ಕ್ಯಾಮೆರಾ ಇಲ್ಲದೆ, ಒಂದು ಚಾರಣ ಬಳಗದ ಹಿಂದೆ ನಡೆದಾಗ. ಬಳಗಕ್ಕೆ ಕಚೇರಿಯಿಲ್ಲ, ನಾಮಫಲಕವಿಲ್ಲ. ಇಬ್ಬರು ಮೇಷ್ಟ್ರು, ಒಬ್ಬ ಬ್ಯಾಂಕ್ ನೌಕರ, ಔಷಧದಂಗಡಿಯ ಯಜಮಾನರೊಬ್ಬರು, ಒಬ್ಬ ನರ್ಸಮ್ಮ, ಹತ್ತಾರು ಕಾಲೇಜು ಹುಡುಗ ಹುಡುಗಿಯರು. ತಿಂಗಳಿಗೆ ಒಂದು ಭಾನುವಾರ ಹೊರಡುವುದು, ಕತ್ತಲಾಗುವ ಮೊದಲು ಮನೆ ಸೇರುವುದು. ಖರ್ಚು ಎಲ್ಲರಿಗೂ ಸಮಪಾಲು. ಇಂಥ ಬಳಗಗಳು ಈಗ ನಾಡಿನ ಬಹಳ ಊರುಗಳಲ್ಲಿವೆ. ನಿಮ್ಮ ಊರಿನಲ್ಲಿ ಇಲ್ಲದಿದ್ದರೆ ಕಟ್ಟಿಕೊಳ್ಳಲು ನಾಲ್ಕು ಜನ ಸಾಕು.

ಈ ಊರುಗಳ ಸರ್ಕಾರಿ ವಿಳಾಸ ಬದಲಾದಷ್ಟು ಬೇರೆಲ್ಲೂ ಬದಲಾಗಿರಲಿಕ್ಕಿಲ್ಲ. 1953ರವರೆಗೆ ಮದರಾಸಿಗೆ ಸೇರಿದ್ದವು, ಆಮೇಲೆ ಮೈಸೂರು ರಾಜ್ಯಕ್ಕೆ ಬಂದವು. 1997ರಲ್ಲಿ ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ಎಲ್ಲವೂ ಸೇರಿ ವಿಜಯನಗರ ಜಿಲ್ಲೆಯಾಯಿತು. ಕೂಡ್ಲಿಗಿಯ ಮಡಿಲಲ್ಲಿದ್ದ ಕೊಟ್ಟೂರು ಈಗ ತಾನೇ ಒಂದು ತಾಲ್ಲೂಕು. ಬೆಟ್ಟಗಳು ಮಾತ್ರ ಇದ್ದಲ್ಲೇ ಇವೆ.

ಗುಂಪು ಕಟ್ಟಿಕೊಂಡು ನಡೆಯುವುದು ಈ ಸೀಮೆಗೆ ಹೊಸದೆಂದು ತಿಳಿಯಬೇಡಿ. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಕೊಟ್ಟೂರೇಶ್ವರನ ರಥೋತ್ಸವದ ಹೊತ್ತಿಗೆ ದಾವಣಗೆರೆಯ ರಸ್ತೆಯಲ್ಲಿ ಒಮ್ಮೆ ನಿಂತು ನೋಡಿ. ಸಾವಿರಾರು ಜನ ಪಾದಯಾತ್ರೆಯಲ್ಲಿ ಬರುತ್ತಾರೆ. ದಾರಿಯುದ್ದಕ್ಕೂ ಮಜ್ಜಿಗೆ, ಹಣ್ಣು, ಊಟ. ಕಾಲು ಬೊಬ್ಬೆ ಎದ್ದವರಿಗೆ ಎಣ್ಣೆ ಹಚ್ಚುವವರೂ ಉಂಟು. ಭರತ ಹುಣ್ಣಿಮೆಗೆ ಉಚ್ಚಂಗಿದುರ್ಗದ ಬೆಟ್ಟ ಹತ್ತುವವರು, ಮೈಲಾರದ ಕಾರಣಿಕ ಕೇಳಲು ಹೊಳೆದಂಡೆಗೆ ಹೋಗುವವರು, ಎಲ್ಲರೂ ನಡಿಗೆಯ ಜನವೇ. ನಿಧಾನದವರ ಜೊತೆ ನಿಧಾನವಾಗಿ ಹೋಗುವುದು, ಬಿಸಿಲೇರುವ ಮೊದಲು ಹೆಚ್ಚು ದಾರಿ ಸವೆಸುವುದು, ನೀರು ಕಂಡಲ್ಲಿ ನಿಲ್ಲುವುದು: ಚಾರಣದ ಪುಸ್ತಕಗಳು ಹೇಳುವ ಮುಖ್ಯ ಪಾಠಗಳನ್ನು ಈ ಯಾತ್ರಿಕರು ಪುಸ್ತಕವಿಲ್ಲದೆ ಪಾಲಿಸುತ್ತಾರೆ.

ವ್ಯತ್ಯಾಸ ಇರುವುದು ಒಂದೇ ಕಡೆ. ಯಾತ್ರಿಕನಿಗೆ ಕೊನೆಯಲ್ಲಿ ದೇವರಿದ್ದಾನೆ. ಚಾರಣದವನಿಗೆ ಕೊನೆಯಲ್ಲಿ ಒಂದು ಬಂಡೆ. ಇದನ್ನು ಹಳ್ಳಿಯವರಿಗೆ ತಿಳಿಯಹೇಳುವುದು ಸುಲಭವಲ್ಲ. ಕೂಡ್ಲಿಗಿ ತಾಲ್ಲೂಕಿನ ಒಂದು ಗುಡ್ಡದ ಬುಡದಲ್ಲಿ ಕುರಿ ಕಾಯುವ ಅಜ್ಜನೊಬ್ಬ ನಮ್ಮನ್ನು ತಡೆದು, “ಎಲ್ಲಿಗೆ ಹೊಂಟೀರಪ್ಪಾ?” ಎಂದ. ಮೇಲಕ್ಕೆ ಎಂದೆವು. “ಮೇಲೆ ಏನೈತಿ?” ಏನೂ ಇಲ್ಲಜ್ಜ, ಸುಮ್ಮನೆ ನಡೆಯಲಿಕ್ಕೆ ಎಂದೆವು. ಅಜ್ಜ ನಮ್ಮ ಚೀಲಗಳನ್ನು ಒಂದೊಂದಾಗಿ ನೋಡಿದ. “ಸುಳ್ಳು ಹೇಳಬ್ಯಾಡ್ರಿ. ನಿಧಿ ಅಗಿಯಾಕ ಬಂದೋರು ಹಿಂಗೇ ಹೇಳ್ತಾರ” ಎಂದ.

ನಕ್ಕು ಬಿಡುವ ಮಾತಲ್ಲ ಇದು. ಈ ಭಾಗದ ಪಾಳೆಯಗಾರರ ಕೋಟೆಗಳಲ್ಲಿ, ಪಾಳುಗುಡಿಗಳಲ್ಲಿ ನಿಧಿಗಳ್ಳರು ಅಗೆದ ಗುಂಡಿಗಳನ್ನು ನೀವೇ ಕಾಣಬಹುದು. ಲಿಂಗ ಕಿತ್ತಿದ್ದಾರೆ, ನಂದಿಯನ್ನು ಉರುಳಿಸಿದ್ದಾರೆ, ಅಡಿಪಾಯದ ಕಲ್ಲು ಎಬ್ಬಿಸಿದ್ದಾರೆ. ಆದ್ದರಿಂದ ಅಪರಿಚಿತರ ಮೇಲೆ ಊರವರಿಗೆ ಸಂಶಯ ಬರುವುದು ನ್ಯಾಯವೇ. ಅಂದಿನಿಂದ ನಮ್ಮ ಬಳಗದ ಮೊದಲ ನಿಯಮ ಇದು: ಹೊರಡುವ ವಾರ ಮೊದಲೇ ಆ ಊರಿನ ಪಂಚಾಯಿತಿಗೋ ಶಾಲೆಯ ಮೇಷ್ಟ್ರಿಗೋ ಹೇಳಿಕಳಿಸುವುದು, ಬೆಳಿಗ್ಗೆ ಊರಿನ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದು, ಯಾರು ಯಾರು, ಎಲ್ಲಿಯವರು ಎಂದು ಹೇಳಿ ಹೋಗುವುದು, ಊರಿನವರೊಬ್ಬರನ್ನು ದಾರಿ ತೋರಿಸಲು ಕರೆದುಕೊಂಡು ಅವರ ಆ ದಿನದ ಕೂಲಿಯನ್ನು ಪೂರ್ತಿ ಕೊಡುವುದು. ಆ ಅಜ್ಜನೇ ಮೂರು ಬಾರಿ ನಮ್ಮ ಜೊತೆ ಬಂದ. ಬಂದಾಗಲೆಲ್ಲ ಗಿಡಗಳ ಹೆಸರು ಹೇಳಿದ: ಕಮರ, ತಂಗಡಿ, ಬಂದರಿಕೆ, ಕವಳಿ, ಕಾರೆ, ಜಾನೆ. ಸಸ್ಯಶಾಸ್ತ್ರದ ಪಾಠದಲ್ಲಿ ನಾನು ಕಲಿತ ಲ್ಯಾಟಿನ್ ಹೆಸರುಗಳಿಗೆ ಕೈಕಾಲು ಮೂಡಿದ್ದು ಆಗ. ಬಳಗದಲ್ಲಿದ್ದ ಕಾಲೇಜು ಮಕ್ಕಳಲ್ಲಿ ಹೆಚ್ಚಿನವರು ಇದೇ ತಾಲ್ಲೂಕಿನವರು, ಆದರೆ ತಂಗಡಿಯ ಹಳದಿ ಹೂವೊಂದನ್ನು ಬಿಟ್ಟರೆ ಉಳಿದುದನ್ನು ಗುರುತಿಸಲಿಲ್ಲ. ಅಜ್ಜನ ಮೊಮ್ಮಗ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕಿದ್ದಾನೆ. ಈ ಹೆಸರುಗಳನ್ನು ಅಜ್ಜ ಇನ್ನು ಯಾರಿಗೆ ಹೇಳಬೇಕು?

ಹಗಲು ನಡಿಗೆಯ ಸಂಘಗಳು ಬೆಳೆದುಬಂದ ಬಗೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. 1909ರಲ್ಲಿ ಜರ್ಮನಿಯ ರಿಚರ್ಡ್ ಶಿರ್ಮನ್ ಎಂಬ ಶಾಲಾಮಾಸ್ತರರು ತಮ್ಮ ವಿದ್ಯಾರ್ಥಿಗಳನ್ನು ಕಾಲ್ನಡಿಗೆಯ ಪ್ರವಾಸಕ್ಕೆ ಕರೆದೊಯ್ದಿದ್ದರು. ಗುಡುಗು ಮಳೆಗೆ ಸಿಕ್ಕಿ ಒಂದು ಶಾಲೆಯ ಕೊಠಡಿಯಲ್ಲಿ ರಾತ್ರಿ ಕಳೆಯಬೇಕಾಯಿತು. ನಡೆಯುವ ಮಕ್ಕಳಿಗೆ ಊರೂರಲ್ಲಿ ಇಂಥದೊಂದು ಸೂರು ಏಕಿರಬಾರದು ಎಂಬ ಯೋಚನೆ ಆ ರಾತ್ರಿ ಅವರಿಗೆ ಹೊಳೆಯಿತು. ಜಗತ್ತಿನ ಯೂತ್ ಹಾಸ್ಟೆಲ್ ಚಳವಳಿ ಹುಟ್ಟಿದ್ದು ಹೀಗೆ. ಭಾರತದಲ್ಲಿ ಅದು ಬೇರೂರಿದ ಮೊದಲ ಊರುಗಳಲ್ಲಿ ನಮ್ಮ ಮೈಸೂರೂ ಒಂದು. ಬೆಂಗಳೂರಿನ ಪಕ್ಷಿವೀಕ್ಷಕರು 70ರ ದಶಕದಿಂದಲೂ ತಿಂಗಳ ಎರಡನೆಯ ಭಾನುವಾರ ಲಾಲ್‌ಬಾಗಿನಲ್ಲಿ ಸೇರುತ್ತ ಬಂದಿದ್ದಾರೆ. ಗೊತ್ತಾದ ದಿನ, ಗೊತ್ತಾದ ಜಾಗ, ಬರುವವರು ಬರಲಿ ಎಂಬ ಈ ಸರಳ ಏರ್ಪಾಡೇ ಇಂಥ ಬಳಗಗಳನ್ನು ಉಳಿಸಿದೆ. ಪದಾಧಿಕಾರಿಗಳ ಚುನಾವಣೆ ಶುರುವಾದ ಕಡೆ ನಡಿಗೆ ನಿಂತದ್ದನ್ನೂ ನಾನು ನೋಡಿದ್ದೇನೆ.

ಹದಿನೈದು ಜನ ಮೀರಬಾರದು ಎಂಬುದು ನನ್ನ ಅಭಿಪ್ರಾಯ. ಮುಂದೆ ಒಬ್ಬ ದಾರಿ ಬಲ್ಲವ, ಎಲ್ಲರಿಗಿಂತ ಹಿಂದೆ ಒಬ್ಬ ಗಟ್ಟಿ ಆಳು. ಮುಂದಿನವನನ್ನು ಯಾರೂ ದಾಟಬಾರದು, ಹಿಂದಿನವನಿಗಿಂತ ಯಾರೂ ಹಿಂದುಳಿಯಬಾರದು. ಗಂಟೆಗೊಮ್ಮೆ ತಲೆ ಎಣಿಸಬೇಕು. ವೇಗದ ಲೆಕ್ಕಕ್ಕೆ ಒಂದು ಹಳೆಯ ಸೂತ್ರವಿದೆ. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬಾತ ಕೊಟ್ಟದ್ದು. ನಮ್ಮ ಅಳತೆಗೆ ತಂದರೆ ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹಾಗೆ ನೋಡಿದರೆ 10 ಕಿಲೋಮೀಟರ್ ದಾರಿ, 300 ಮೀಟರ್ ಏರು ಎಂದರೆ ಎರಡೂವರೆ ಗಂಟೆ. ಆದರೆ ಅದು ತಂಪು ದೇಶದ, ಅಭ್ಯಾಸವಿರುವ ಒಂಟಿ ನಡಿಗೆಯವನ ಲೆಕ್ಕ. ಕೂಡ್ಲಿಗಿಯ ಬಿಸಿಲಿನಲ್ಲಿ, ಮುಳ್ಳುಕಂಟಿಯ ನಡುವೆ, ಹದಿನೈದು ಜನರ ಗುಂಪಿಗೆ ಅದನ್ನು ಎರಡರಿಂದ ಗುಣಿಸಿ. ಐದು ಗಂಟೆ. ಬೆಳಿಗ್ಗೆ ಆರಕ್ಕೆ ಹೊರಟರೆ ಹನ್ನೊಂದಕ್ಕೆ ಮುಗಿಯುತ್ತದೆ. ಎಂಟಕ್ಕೆ ಹೊರಟರೆ ನೆತ್ತಿಯ ಮೇಲೆ ಸೂರ್ಯ. ತಡವಾಗಿ ಬಂದವರಿಗೆ ಕಾಯಬಾರದು ಎನ್ನುವುದಕ್ಕೆ ಕಾರಣ ಶಿಸ್ತಿನ ಹುಚ್ಚಲ್ಲ, ಈ ಗುಣಾಕಾರ.

ಇನ್ನು ಗುಡೇಕೋಟೆಗೆ ಬರೋಣ. ನನಗೆ ಈ ಸೀಮೆಯಲ್ಲಿ ಎಲ್ಲಕ್ಕಿಂತ ಪ್ರಿಯವಾದ ಜಾಗ ಅದು. ಕೂಡ್ಲಿಗಿ ತಾಲ್ಲೂಕಿನ ಪೂರ್ವಕ್ಕೆ, ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಕಾಣುವ ಬಂಡೆಗಳ ರಾಶಿ. ಪಾಳೆಯಗಾರರ ಕೋಟೆ. ಚಿತ್ರದುರ್ಗದ ಒನಕೆ ಓಬವ್ವನ ತವರು ಇದೇ ಎಂದು ಊರವರು ನಂಬಿದ್ದಾರೆ. ಈ ಬಂಡೆಗಳಿಗೆ ಭೂವಿಜ್ಞಾನಿಗಳು ಕೊಟ್ಟ ಹೆಸರು ಕ್ಲೋಸ್‌ಪೇಟೆ ಗ್ರಾನೈಟ್. ಕ್ಲೋಸ್‌ಪೇಟೆ ಎಂದರೆ ರಾಮನಗರದ ಹಳೆಯ ಹೆಸರು. ಅಲ್ಲಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಒಂದು ಪಟ್ಟಿಯ ಹಾಗೆ ಈ ಕಲ್ಲು ಹಾದು ಬಂದಿದೆ. ರಾಮನಗರದ ಬೆಟ್ಟ, ಗುಡೇಕೋಟೆಯ ಬಂಡೆ, ಹಂಪಿಯ ಹೇಮಕೂಟ, ಮೂರೂ ಒಂದೇ ವಂಶ. ವಯಸ್ಸು ಸುಮಾರು 250 ಕೋಟಿ ವರ್ಷ. ನೆಲದಾಳದಲ್ಲಿ ಕರಗಿದ ರೂಪದಲ್ಲಿದ್ದು ತಣಿದ ಈ ಕಲ್ಲಿನ ಮೇಲೆ ಒಮ್ಮೆ ಕಿಲೋಮೀಟರುಗಟ್ಟಲೆ ದಪ್ಪದ ಹೊದಿಕೆ ಇತ್ತು. ಅದು ಸವೆದು ಹೋದಂತೆ ಒಳಗಿನ ಕಲ್ಲಿನ ಮೇಲಿದ್ದ ಒತ್ತಡ ಇಳಿಯಿತು, ಕಲ್ಲು ಈರುಳ್ಳಿಯ ಪದರದ ಹಾಗೆ ಬಿಚ್ಚಿಕೊಂಡಿತು. ಗುಂಡಗಿನ ಬೋಳು ಬಂಡೆಯ ಮೇಲೆ ಚಪ್ಪಡಿಯಂಥ ತುಂಡುಗಳು ಕಂಡರೆ ಅವುಗಳ ಅಂಚಿನ ಮೇಲೆ ಕಾಲಿಡಬೇಡಿ. ಗಟ್ಟಿಯಾಗಿ ಕಾಣುತ್ತವೆ, ಕೆಳಗೆ ಟೊಳ್ಳು. ಕಿವಿಗೊಟ್ಟು ಕೋಲಿನಿಂದ ತಟ್ಟಿ ನೋಡಿ, ಡೊಳ್ಳಿನ ಶಬ್ದ ಬರುತ್ತದೆ.

ಬಂಡೆಗಳ ಸಂದಿಯಲ್ಲಿ ಕರಡಿಗಳಿವೆ. 1994ರಲ್ಲಿ ಹಂಪಿಯ ಹತ್ತಿರದ ದರೋಜಿ ಕರಡಿಧಾಮವಾಯಿತು, ಆಮೇಲೆ 2013ರಲ್ಲಿ ಗುಡೇಕೋಟೆಯೂ ಆಯಿತು. ಕರಡಿಧಾಮದ ಒಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ, ಇಡಲೂ ಬಾರದು. ಆದರೆ ಕರಡಿಗೆ ಧಾಮದ ಗಡಿ ಗೊತ್ತಿಲ್ಲ. ಸುತ್ತಲಿನ ಶೇಂಗಾ ಹೊಲಕ್ಕೂ ಸೀತಾಫಲದ ಗುಡ್ಡಕ್ಕೂ ಬರುತ್ತದೆ. ಅದು ಮಾಂಸಕ್ಕಾಗಿ ಮನುಷ್ಯನ ಮೇಲೆ ಬೀಳುವ ಪ್ರಾಣಿಯಲ್ಲ. ಗೆದ್ದಲು, ಇರುವೆ, ಜೇನು, ಕವಳಿ ಹಣ್ಣು, ಜಾನೆ ಹಣ್ಣು ಇದರ ಊಟ. ಮೂಗು ಬಹಳ ಚುರುಕು, ಕಣ್ಣು ಕಿವಿ ಅಷ್ಟಕ್ಕಷ್ಟೆ. ಗೆದ್ದಲು ಹೀರುವಾಗ ಅದೇ ಎಷ್ಟು ಸದ್ದು ಮಾಡುತ್ತದೆಂದರೆ ನಿಮ್ಮ ಹೆಜ್ಜೆ ಅದಕ್ಕೆ ಕೇಳುವುದಿಲ್ಲ. ಹತ್ತಡಿ ದೂರದಲ್ಲಿ ಒಮ್ಮೆಲೇ ನಿಮ್ಮನ್ನು ಕಂಡಾಗ ಗಾಬರಿಯಿಂದ ಎದ್ದು ನಿಂತು ಮುಖಕ್ಕೆ ಕೈ ಹಾಕುತ್ತದೆ. ಬೆಳಗಿನ ಜಾವ ಬಯಲಿಗೆ ಹೋದವರು, ಸೌದೆಗೆ ಹೋದ ಹೆಂಗಸರು ಗಾಯಗೊಳ್ಳುವುದು ಹೀಗೆಯೇ. ಆದ್ದರಿಂದ ಪೊದೆಗಳ ನಡುವೆ ಹೋಗುವಾಗ ಗುಂಪು ಮಾತಾಡಿಕೊಂಡು ಹೋಗಬೇಕು, ಕೋಲು ಬಡಿಯಬೇಕು. ಪೂರ್ತಿ ಬೆಳಕಾಗುವವರೆಗೆ ಪೊದೆ ಹೊಗಬಾರದು, ಗವಿಯೊಳಗೆ ಇಣುಕುವ ಸಾಹಸ ಬೇಡ.

ಆದರೆ ಇಲ್ಲೊಂದು ತೊಡಕಿದೆ. ಪೊದೆ ದಾಟಿ ದೊಡ್ಡ ಬಂಡೆಯ ನೆರಳಿಗೆ ಬಂದರೆ ಅಲ್ಲಿ ಹೆಜ್ಜೇನು. ಕರಡಿಗೆ ಸದ್ದು ಮಾಡಬೇಕು, ಹೆಜ್ಜೇನಿಗೆ ಸದ್ದು ಮಾಡಬಾರದು. ಹಾಗಾಗಿ ಬಂಡೆಯ ಚಾಚು ಕಂಡ ಕೂಡಲೇ ಮುಂದಿನವನು ಕೈ ಎತ್ತುತ್ತಾನೆ, ಮಾತು ನಿಲ್ಲುತ್ತದೆ. ಬಳಗದ ಹುಡುಗರು ಇದನ್ನು ‘ಜೇನು ಮೌನ’ ಎಂದು ಕರೆಯುತ್ತಾರೆ. ಬೀಡಿ ಸಿಗರೇಟು, ಊದುಬತ್ತಿ, ಕಲ್ಲೆಸೆತ, ಘಮಘಮ ಸೆಂಟು ಯಾವುದೂ ಕೂಡದು. ಒಂದು ಹುಳ ಕುಟುಕಿದರೆ ಆ ಜಾಗದಿಂದ ಹೊರಡುವ ಒಂದು ರಾಸಾಯನಿಕ ಉಳಿದವನ್ನು ಕರೆಯುತ್ತದೆ. ಅದರ ವಾಸನೆ ಹೆಚ್ಚು ಕಡಿಮೆ ಮಾಗಿದ ಬಾಳೆಹಣ್ಣಿನದು. ಅಂಥ ಹೊತ್ತಿನಲ್ಲಿ ಕೂತು ಮುದುಡಬೇಡಿ, ಕೈ ಬೀಸಬೇಡಿ. ಮುಖ ಮುಚ್ಚಿಕೊಂಡು ಓಡಿ, ನಿಲ್ಲದೆ ದೂರ ಓಡಿ.

ಕರಡಿ, ಜೇನು, ಹಾವು ಎಂದು ಕೇಳಿ ನೀವು ಹೆದರಿರಬಹುದು. ಆದರೆ ಈ ಸೀಮೆಯಲ್ಲಿ ನಡೆಯುವವನ ನಿಜವಾದ ಶತ್ರು ಬಿಸಿಲು. ಮಂಗಳೂರಿನಲ್ಲಿ ಬೆವರು ತೊಟ್ಟಿಕ್ಕುತ್ತದೆ, ಅಂಗಿ ಒದ್ದೆಯಾಗುತ್ತದೆ, ನೀರು ಕುಡಿಯಬೇಕೆಂದು ನೆನಪಾಗುತ್ತದೆ. ಇಲ್ಲಿನ ಗಾಳಿ ಒಣಗಾಳಿ. ಬೆವರು ಹುಟ್ಟಿದ ಕೂಡಲೇ ಆರಿಹೋಗುತ್ತದೆ. ಮೈ ಒಣಗಿರುತ್ತದೆ, ಹಣೆಯ ಮೇಲೆ ಉಪ್ಪಿನ ಪುಡಿ ಮಾತ್ರ ಕೈಗೆ ಹತ್ತುತ್ತದೆ. ನನಗೆ ಬೆವರೇ ಇಲ್ಲ ಎಂದು ಜಂಬ ಪಡುವ ಹುಡುಗನೇ ಮಧ್ಯಾಹ್ನ ತಲೆ ಸುತ್ತಿ ಕೂರುವವನು. ಒಬ್ಬೊಬ್ಬರಿಗೆ ಮೂರು ಲೀಟರ್ ನೀರು ಬೇಕು. ಬಾಯಾರುವವರೆಗೆ ಕಾಯದೆ ಅರ್ಧ ಗಂಟೆಗೊಮ್ಮೆ ನಾಲ್ಕು ಗುಟುಕು ಕುಡಿಯಬೇಕು. ಮೂತ್ರ ಗಾಢ ಹಳದಿಯಾದರೆ ನೀರು ಸಾಲದು ಎಂದು ಅರ್ಥ. ಬರೀ ನೀರು ಸಾಲದು, ಉಪ್ಪೂ ಹೋಗಿರುತ್ತದೆ. ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾಕ್ಟರ್ ದಿಲೀಪ್ ಮಹಲನಬಿಸ್ ಅವರು ಉಪ್ಪು ಸಕ್ಕರೆಯ ನೀರಿನಿಂದಲೇ ಅಸಂಖ್ಯ ಜೀವ ಉಳಿಸಿದರು. ಉಪ್ಪು ಹಾಕಿದ ಮಜ್ಜಿಗೆಯೂ ಒಳ್ಳೆಯದೇ. ಬುತ್ತಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಇದ್ದರೆ ಬೇರೇನು ಬೇಕು? ಚಿಪ್ಸಿನ ಪೊಟ್ಟಣ ತಂದವರು ಖಾಲಿ ಪೊಟ್ಟಣವನ್ನು ಜೇಬಿನಲ್ಲಿಟ್ಟುಕೊಂಡೇ ಬಸ್ಸು ಹತ್ತಬೇಕು.

ನವೆಂಬರಿನಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲ. ಮಾರ್ಚ್ ಬಂದ ಮೇಲೆ ಬೆಟ್ಟ ಬೇಡ. ಬಿಸಿಲೊಂದೇ ಕಾರಣವಲ್ಲ, ಒಣಹುಲ್ಲಿಗೆ ಬೆಂಕಿ ಬೀಳುವ ಕಾಲ ಅದು. 2018ರ ಮಾರ್ಚ್ 11ರಂದು ತಮಿಳುನಾಡಿನ ಥೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿ 20ಕ್ಕೂ ಹೆಚ್ಚು ಚಾರಣಿಗರು ಸತ್ತರು, ಹಲವರು ಹೆಣ್ಣುಮಕ್ಕಳು. ಏಪ್ರಿಲ್, ಮೇ ತಿಂಗಳಲ್ಲಿ ಸಿಡಿಲು. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ: ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ದೂರ. ಮೂವತ್ತು ಎಣಿಸುವಷ್ಟರೊಳಗೆ ಗುಡುಗು ಕೇಳಿದರೆ ಬೋಳು ಬಂಡೆಯಿಂದ ಇಳಿಯಬೇಕು, ಒಂಟಿ ಮರದ ಕೆಳಗೆ ನಿಲ್ಲಬಾರದು, ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಮತ್ತೆ ಹತ್ತಬಾರದು.

ಹೀಗೊಮ್ಮೆ ಆಯಿತು. ಅಕಾಲದ ಮೋಡ, ದೂರದಲ್ಲಿ ಗುಡುಗು. ಕೊನೆಯ ಬಂಡೆ ಹತ್ತಲು ಇನ್ನು ಕಾಲು ಗಂಟೆಯ ದಾರಿ. ಆ ದಿನದ ಮುಂದಾಳು ಮೇಷ್ಟ್ರು ನಿಂತು ಗಡಿಯಾರ ನೋಡಿ ಎಣಿಸಿದರು, ಇಳಿಯೋಣ ಎಂದರು. ಹುಡುಗರು ಸಿಟ್ಟಾದರು. “ಸರ್, ಇಷ್ಟು ಬಂದೀವಿ, ಹತ್ತು ನಿಮಿಷದಾಗ ಹೋಗಿ ಬರ್ತೀವ್ರಿ” ಎಂದು ಒಬ್ಬ ಹಟ ಹಿಡಿದ. ಮೇಷ್ಟ್ರು ಒಪ್ಪಲಿಲ್ಲ. ನಾವು ಬುಡ ಸೇರುವಷ್ಟರಲ್ಲಿ ಮೋಡ ಚದುರಿ ಆಕಾಶ ತೊಳೆದಂತಾಯಿತು, ಒಂದು ಹನಿ ಮಳೆ ಬೀಳಲಿಲ್ಲ. ಬಸ್ಸಿನಲ್ಲಿ ಯಾರೂ ಮೇಷ್ಟ್ರ ಜೊತೆ ಮಾತಾಡಲಿಲ್ಲ. ಆದರೂ ಅವರ ತೀರ್ಮಾನ ಸರಿಯೇ. ಮುಂದೆ ಏನಾಯಿತು ಎಂಬುದರಿಂದ ಅಲ್ಲ, ಆ ಗಳಿಗೆಯಲ್ಲಿ ಏನು ಗೊತ್ತಿತ್ತು ಎಂಬುದರಿಂದ ಅದನ್ನು ಅಳೆಯಬೇಕು. ಮುಂದಿನ ತಿಂಗಳು ಬಳಗದ ಸಭೆಯಲ್ಲಿ ಇದೇ ಚರ್ಚೆ. ಮತ ಹಾಕಿ ತೀರ್ಮಾನಿಸೋಣ ಎಂದರು ಕೆಲವರು. ಬೆಟ್ಟದ ಮೇಲೆ ಮತದಾನ ಇಲ್ಲ, ಹಿಂದಿರುಗುವ ಮಾತು ಒಬ್ಬನದು, ಅವನನ್ನು ಬೇಕಾದರೆ ಊರಿನಲ್ಲಿ ಬದಲಾಯಿಸಿ ಎಂದು ಕೊನೆಗೆ ಗೊತ್ತಾಯಿತು. ಹಟ ಹಿಡಿದ ಹುಡುಗ ಆ ಸಭೆಗೆ ಬಂದಿದ್ದ. ಅವನೇ 2024ರ ಜೂನ್ ತಿಂಗಳ ಮಾತು ತೆಗೆದ. ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಕರ್ನಾಟಕದಿಂದ ಹೋದ ತಂಡ ಹಿಮಗಾಳಿಗೆ ಸಿಕ್ಕಿ 9 ಜನ ತೀರಿಕೊಂಡಿದ್ದರು. ಅನುಭವಿಗಳಿದ್ದ ತಂಡ ಅದು. ಅವರ ಮೇಲೆ ತಪ್ಪು ಹೊರಿಸುವ ಅಧಿಕಾರ ನಮಗಿಲ್ಲ. ಆದರೆ ಹವೆಯ ಮುಂದೆ ಅನುಭವವೂ ಚಿಕ್ಕದು ಎಂಬುದು ಆ ಹುಡುಗನಿಗೆ ಅರ್ಥವಾಗಿತ್ತು.

ಹೆಣ್ಣುಮಕ್ಕಳ ವಿಷಯ ಹೇಳದೆ ಮುಂದೆ ಹೋಗಲಾರೆ. ಈ ಊರುಗಳ ಹುಡುಗಿಯರು ದಿನಾ ಎರಡು ಮೂರು ಕಿಲೋಮೀಟರ್ ನಡೆದು ಬಸ್ಸು ಹಿಡಿದು ಕಾಲೇಜಿಗೆ ಬರುತ್ತಾರೆ. ಹೊಲಕ್ಕೆ, ನೀರಿಗೆ, ಸೌದೆಗೆ ನಡೆಯುತ್ತಾರೆ. ಅದಕ್ಕೆ ಯಾರ ಅಪ್ಪಣೆಯೂ ಬೇಡ. ಸಂತೋಷಕ್ಕೆ ನಡೆಯುತ್ತೇನೆಂದರೆ ಮಾತ್ರ ಮನೆಯಲ್ಲಿ ಹತ್ತು ಪ್ರಶ್ನೆ. ಬಿ.ಎಸ್ಸಿ. ಓದುವ ಹುಡುಗಿಯೊಬ್ಬಳ ತಂದೆ ಮೊದಲ ಸಲ ತಾವೇ ಪಂಚೆ ಎತ್ತಿ ಕಟ್ಟಿಕೊಂಡು ಜೊತೆಗೆ ಬಂದರು, ದಿನವಿಡೀ ಯಾರೊಡನೆಯೂ ಹೆಚ್ಚು ಮಾತಾಡದೆ ಎಲ್ಲರನ್ನೂ ಗಮನಿಸಿದರು. ಎರಡನೆಯ ಸಲ ತಮ್ಮ ತಂಗಿಯನ್ನು ಕಳಿಸಿದರು. ಮೂರನೆಯ ಸಲ ಮಗಳೊಬ್ಬಳೇ ಬಂದಳು. ನರ್ಸಮ್ಮ ಬಳಗದಲ್ಲಿರುವುದರಿಂದ ಇದು ಸಾಧ್ಯವಾಯಿತು ಎಂದು ನನ್ನ ತಿಳಿವಳಿಕೆ. ಬಳಗ ಕಟ್ಟುವವರು ಹಿರಿಯ ಹೆಂಗಸೊಬ್ಬರನ್ನು ಮೊದಲೇ ಸೇರಿಸಿಕೊಳ್ಳಿ. ಅವರು ಇಲ್ಲದೆ ಹುಡುಗಿಯರು ಬರುವುದಿಲ್ಲ, ಬಂದರೂ ನಿಲ್ಲುವುದಿಲ್ಲ.

ಬೋಳು ಬಂಡೆ ಬೇಡ ಎನ್ನುವವರಿಗೆ ಹರಪನಹಳ್ಳಿಯ ಕಡೆ ಬೇರೆ ಬಗೆಯ ದಿನವುಂಟು. ಉಚ್ಚಂಗಿದುರ್ಗಕ್ಕೆ ಮೆಟ್ಟಿಲುಗಳಿವೆ, ಮೇಲೆ ಉಚ್ಚಂಗಮ್ಮನ ಗುಡಿ. ನೊಳಂಬವಾಡಿಯನ್ನು ಆಳಿದ ಉಚ್ಚಂಗಿ ಪಾಂಡ್ಯರ ಗಿರಿದುರ್ಗ ಇದು. ಚೋಳರು ಹನ್ನೆರಡು ವರ್ಷ ಮುತ್ತಿಗೆ ಹಾಕಿ ಕೈಬಿಟ್ಟ ಕೋಟೆಯನ್ನು ವೀರಬಲ್ಲಾಳ ಗೆದ್ದನೆಂದು ಹೊಯ್ಸಳ ಶಾಸನಗಳು ಹೊಗಳುತ್ತವೆ. ಹೊಗಳಿಕೆಯಲ್ಲಿ ಉಪ್ಪುಖಾರ ಎಷ್ಟೋ, ಹತ್ತಿ ನೋಡಿದರೆ ಚೋಳರ ಕಷ್ಟ ಮಾತ್ರ ಅರ್ಥವಾಗುತ್ತದೆ. ಹರಪನಹಳ್ಳಿಯ ಹತ್ತಿರದ ಬಾಗಳಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಕಲ್ಲೇಶ್ವರ ಗುಡಿ, ಅದರ ಮಂಟಪದಲ್ಲಿ ಐವತ್ತರಷ್ಟು ಕಂಬಗಳು. ಹಡಗಲಿ ತಾಲ್ಲೂಕಿನ ಕುರುವತ್ತಿಯಲ್ಲಿ ತುಂಗಭದ್ರೆಯ ದಂಡೆಯ ಮೇಲೆ ಮಲ್ಲಿಕಾರ್ಜುನ ಗುಡಿ. ಅಲ್ಲಿಯ ಮದನಿಕೆಯರನ್ನು ನೋಡಿದ ಮೇಲೆ ಬೇಲೂರಿಗೆ ಹೋದವರು ಶಿಲ್ಪದ ಕಥೆಯನ್ನು ಬೇರೆ ರೀತಿ ಓದುತ್ತಾರೆ. ಹೊಳೆದಂಡೆಯ ಈ ನಡಿಗೆ ವಯಸ್ಸಾದವರಿಗೂ ಆದೀತು. ಹಿಂದಿರುಗುವಾಗ ಹಡಗಲಿಯ ಮಲ್ಲಿಗೆಯನ್ನು ಮನೆಯವರಿಗೆ ಒಯ್ಯುವುದು ಬಳಗದ ರೂಢಿ. ಆ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ.

ಈ ಜಾಗಗಳಿಗೆ ಜನ ಮುಗಿಬೀಳಲಿ ಎಂದು ನಾನು ಹೇಳುತ್ತಿಲ್ಲ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ ಸೇರಿ, ಸರ್ಕಾರ ಚಾರಣಗಳನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಆ ಮೇಲೆ ಅರಣ್ಯ ಇಲಾಖೆ ದಿನಕ್ಕೆ ಇಂತಿಷ್ಟೇ ಜನ ಎಂದು ಮಿತಿ ಹಾಕಿ ಮುಂಗಡ ನೋಂದಣಿ ಜಾರಿಗೆ ತಂದಿತು. ಟಿ.ವಿ.ಯಲ್ಲಿ ಒಂದು ಬೆಟ್ಟವನ್ನು ಚೆಂದಗೆ ತೋರಿಸಿದರೆ ಮುಂದಿನ ವಾರ ಅಲ್ಲಿಗೆ ಬಸ್ಸುಗಳು ಬರುತ್ತವೆ, ಈಗ ಅದಕ್ಕೆ ಟಿ.ವಿ.ಯೂ ಬೇಡ, ಕೈಯಲ್ಲಿರುವ ಫೋನು ಸಾಕು. ಅದಕ್ಕಾಗಿಯೇ ನಾನು ಇಲ್ಲಿ ಒಂದೆರಡು ಬೆಟ್ಟಗಳ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ನನ್ನ ಆಸೆ ಬೇರೆ: ಕೂಡ್ಲಿಗಿಯವರು ಕೂಡ್ಲಿಗಿಯ ಬೆಟ್ಟ ಹತ್ತಲಿ, ಕೊಟ್ಟೂರಿನವರು ತಮ್ಮ ಊರ ಹಿಂದಿನ ಗುಡ್ಡದ ಆ ಬದಿ ಏನಿದೆ ಎಂದು ನೋಡಲಿ. ತಿಂಗಳಿಗೊಮ್ಮೆ ಹದಿನೈದು ಜನ ಹೋಗಿ ಬರುವ ಕೋಟೆಯಲ್ಲಿ ನಿಧಿಗಳ್ಳ ನಿರಾಳವಾಗಿ ಗುದ್ದಲಿ ಹಾಕಲಾರ. ನಮ್ಮ ಬಳಗ ಒಮ್ಮೆ ಹೊಸ ಗುಂಡಿ ಕಂಡು ಊರವರಿಗೆ ತಿಳಿಸಿತು. ಊರವರು ಪೊಲೀಸರಿಗೆ ತಿಳಿಸಿದರು. ಆ ಗುಡಿಯ ನಂದಿ ಇನ್ನೂ ಗುಡಿಯಲ್ಲೇ ಇದೆ.

ಹಾವಿನ ಮಾತು ಉಳಿಯಿತು. ಕಲ್ಲುನೆಲದ ಈ ಸೀಮೆಯಲ್ಲಿ ಗರಗಸ ಮಂಡಲವೆಂಬ ಸಣ್ಣ ಹಾವಿದೆ, ಮೈ ಸುತ್ತಿಕೊಂಡು ಚರ್ಮ ಉಜ್ಜಿ ಸರಸರ ಸದ್ದು ಮಾಡುತ್ತದೆ. ಗಾತ್ರ ಕಂಡು ಹಗುರವಾಗಿ ಎಣಿಸಬೇಡಿ. ಕಲ್ಲಿನ ಮೇಲೆ ಕೂರುವ ಮೊದಲು ಸುತ್ತ ನೋಡಿ, ಸಂದಿಗೆ ಕೈ ಹಾಕಬೇಡಿ, ಚಪ್ಪಲಿ ಬಿಟ್ಟು ಬೂಟು ಹಾಕಿ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಅಂಗ ಅಲುಗಾಡದಂತೆ ಇಟ್ಟು, 108ಕ್ಕೆ ಕರೆ ಮಾಡಿ, ಹೊತ್ತುಕೊಂಡೇ ಆಸ್ಪತ್ರೆಗೆ ಹೋಗಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ ಔಷಧ, ಹಾವನ್ನು ಹೊಡೆದು ತರುವ ಅಗತ್ಯವಿಲ್ಲ. ಬೆಟ್ಟದ ಹಿಂಬದಿಯಲ್ಲಿ ಫೋನು ಹತ್ತುವುದಿಲ್ಲ. ಎಲ್ಲಿ ಹತ್ತುತ್ತದೆ ಎಂದು ಹೋಗುವಾಗಲೇ ಗುರುತು ಮಾಡಿಕೊಳ್ಳಿ.

ಮೊದಲ ಬಾರಿ ಹೊರಡುವವರು ಬೆಟ್ಟದಿಂದ ಶುರು ಮಾಡಬೇಕಾಗಿಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರಕ್ಕೆ ಹೋಗಿ. ಸುಮಾರು 99 ಹೆಕ್ಟೇರಿನ ಹಳೆಯ ಕೆರೆ, ನೀರಿನ ನಡುವೆ ಕರಿಜಾಲಿ ಮರಗಳು, ಮರದ ತುಂಬ ಹಕ್ಕಿಗಳು. 2017ರಲ್ಲಿ ಇದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು, 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು, ಅಘನಾಶಿನಿ ಅಳಿವೆ ಮತ್ತು ಮಾಗಡಿ ಕೆರೆಯ ಜೊತೆಗೆ. ಬಣ್ಣದ ಕೊಕ್ಕರೆ, ಕರಿತಲೆಯ ಕೆಂಬರಲು ಇಲ್ಲಿ ಗೂಡು ಕಟ್ಟುತ್ತವೆ, ಮರಿ ಮಾಡುತ್ತವೆ. ನೆಲ ಸಮತಟ್ಟು, ಮಕ್ಕಳನ್ನೂ ಅಜ್ಜಿಯರನ್ನೂ ಕರೆದೊಯ್ಯಬಹುದು. ಹೊತ್ತು ಮೂಡುವ ಮೊದಲು ಏರಿಯ ಮೇಲೆ ಇರಿ, ಗಾಢ ಬಣ್ಣದ ಬಟ್ಟೆ ಬೇಡ, ಗೂಡಿನ ಹತ್ತಿರ ಹೋಗುವುದು ಬೇಡ. ದುರ್ಬೀನು ಎಲ್ಲರೂ ಕೊಳ್ಳಬೇಕಾಗಿಲ್ಲ. ಹದಿನೈದು ಜನಕ್ಕೆ ಎರಡು ಸಾಕು, ಸರತಿಯಲ್ಲಿ ನೋಡಬಹುದು.